ಚಕ್ ಬೆರ್ರಿ ಥರ ಗಿಟಾರ್ ನುಡಿಸಬೇಕಾ? ಎರಡು ತಂತಿಯಿಂದ ಶುರು ಮಾಡಿ

ಕಾರವಾರದಲ್ಲಿ ನನ್ನ ಹತ್ತಿರ ಗಿಟಾರ್ ಕಲಿಯಲು ಬರುವ ಹುಡುಗರಿಗೆಲ್ಲ ಮೊದಲ ವಾರವೇ ಸೋಲೋ (ಒಂಟಿಯಾಗಿ ಮೆರೆಯುವ ಗಿಟಾರ್ ಭಾಗ) ಬೇಕು. ನಾನು ಕೊಡುವುದಿಲ್ಲ. ಮೊದಲು ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ, ಗಿಟಾರ್ ವಾದಕ ಚಕ್ ಬೆರ್ರಿಯ ರಿದಮ್ (ಹಾಡನ್ನು ನಡೆಸುವ ಲಯದ ಹೊಡೆತ) ಕೈಗೆ ಕೂರಬೇಕು. ರಾಕ್ ಗಿಟಾರ್ ನಿಂತಿರುವುದೇ ಅದರ ಮೇಲೆ.

ಬೆರ್ರಿ ಹುಟ್ಟಿದ್ದು 1926ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಪಿಯಾನೋ ವಾದಕ ಜಾನಿ ಜಾನ್ಸನ್ ಅವರ ತಂಡ ಸೇರಿದ ಮೇಲೆ ಅವರ ದಾರಿ ತೆರೆಯಿತು. 1955ರಲ್ಲಿ ಶಿಕಾಗೋದ ಚೆಸ್ ರೆಕಾರ್ಡ್ ಕಂಪನಿಯಿಂದ ಮೊದಲ ಹಾಡು 'ಮೇಬೆಲಿನ್' ಬಂತು. ಬೂಗಿ ಎಂಬ ಪಿಯಾನೋ ಶೈಲಿಯಲ್ಲಿ ಎಡಗೈ ಒಂದೇ ಲಯವನ್ನು ಮತ್ತೆ ಮತ್ತೆ ಬಾರಿಸುವ ಕೆಲಸ ಇದೆಯಲ್ಲ, ಅದನ್ನೇ ಅವರು ಗಿಟಾರಿನ ದಪ್ಪ ತಂತಿಗಳ ಮೇಲೆ ತಂದರು. ನಾವು ಕಲಿಯುವುದೂ ಅದನ್ನೇ.

ತಂತಿಗಳನ್ನು ಅತಿ ತೆಳುವಾದದ್ದರಿಂದ ಎಣಿಸಿ. ಐದನೇ ತಂತಿಯನ್ನು ಒತ್ತದೆ ಹಾಗೇ ಬಿಡಿ, ಅದು ಎ ಸ್ವರ. ನಾಲ್ಕನೇ ತಂತಿಯ ಎರಡನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ) ಮೇಲೆ ತೋರುಬೆರಳು ಇಡಿ. ಈ ಎರಡು ತಂತಿ ಮಾತ್ರ ಸೇರಿಸಿ ಎರಡು ಸಲ ಹೊಡೆಯಿರಿ. ತೋರುಬೆರಳು ಎತ್ತಬೇಡಿ. ಉಂಗುರ ಬೆರಳನ್ನು ನಾಲ್ಕನೇ ಫ್ರೆಟ್‌ಗೆ ಚಾಚಿ ಮತ್ತೆ ಎರಡು ಸಲ. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಯಾವಾಗಲೂ ಕೆಳಮುಖವಾಗಿಯೇ ಹೋಗಬೇಕು. ಬಲಗೈಯ ಅಂಚು ಬ್ರಿಡ್ಜ್ (ಗಿಟಾರಿನ ಒಡಲ ಮೇಲೆ ತಂತಿ ಕೂರುವ ಜಾಗ) ಹತ್ತಿರ ತಂತಿಗೆ ಸ್ವಲ್ಪ ತಾಗಿರಲಿ, ನಾದ ಹರಡದೆ ಬಿಗಿಯಾಗುತ್ತದೆ. ಡಿ ಸ್ವರಕ್ಕೆ ಹೋಗುವಾಗ ಇದೇ ಆಕಾರವನ್ನು ಒಂದು ತಂತಿ ಕೆಳಗೆ (ನಾಲ್ಕನೇ, ಮೂರನೇ ತಂತಿಗೆ), ಇ ಸ್ವರಕ್ಕೆ ಒಂದು ತಂತಿ ಮೇಲೆ (ಆರನೇ, ಐದನೇ ತಂತಿಗೆ) ಸರಿಸಿ. ಹನ್ನೆರಡು ಬಾರ್ (ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ಹೀಗೆ: ಎ ನಾಲ್ಕು, ಡಿ ಎರಡು, ಎ ಎರಡು, ಇ ಒಂದು, ಡಿ ಒಂದು, ಕೊನೆಗೆ ಎ ಎರಡು.

ಮೊಬೈಲ್‌ನಲ್ಲಿ ಮೆಟ್ರೋನೋಮ್ (ತಾಳ ಹಾಕುವ ಆ್ಯಪ್) ನಿಮಿಷಕ್ಕೆ 80 ಎಣಿಕೆಗೆ ಇಟ್ಟುಕೊಳ್ಳಿ. ಅವಸರ ಬೇಡ. 1958ರ 'ಜಾನಿ ಬಿ. ಗುಡ್' ಕಿವಿಗೊಟ್ಟು ಕೇಳಿ: ಡ್ರಮ್ಸ್ ಸ್ವಲ್ಪ ತೂಗಿದಂತೆ ಹೋಗುತ್ತದೆ, ಬೆರ್ರಿಯ ಕೈ ಮಾತ್ರ ಸಮವಾಗಿ ಒತ್ತುತ್ತಲೇ ಇರುತ್ತದೆ. ಆ ಎಳೆದಾಟದಲ್ಲೇ ಹಾಡಿನ ಜೀವ ಇದೆ, ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಇದೇ ಹಾಡು 1977ರಲ್ಲಿ ನಾಸಾದ ವಾಯೇಜರ್ ನೌಕೆಗಳ ಚಿನ್ನದ ಲೇಪದ ಧ್ವನಿಮುದ್ರಿಕೆ ತಟ್ಟೆಯಲ್ಲಿ ಬಾಹ್ಯಾಕಾಶಕ್ಕೆ ಹೋಯಿತು. ಅದೇ ತಟ್ಟೆಯಲ್ಲಿ ನಮ್ಮ ಪಕ್ಕದ ಗೋವಾದ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ.

ರಿದಮ್ ಕೂತಿತು ಅನ್ನಿಸಿದ ಮೇಲೆ ಸೋಲೋ. ಐದನೇ ಫ್ರೆಟ್‌ನಲ್ಲಿ ತೋರುಬೆರಳನ್ನು ಮಲಗಿಸಿ ಮೊದಲ ಎರಡು ತಂತಿ ಒಟ್ಟಿಗೆ ಒತ್ತಿ. ಮೂರನೇ ತಂತಿಯ ಏಳನೇ ಫ್ರೆಟ್‌ಗೆ ಉಂಗುರ ಬೆರಳು, ಹಿಂದೆ ನಡುಬೆರಳಿನ ಆಸರೆ. ಆ ತಂತಿಯನ್ನು ಮೇಲಕ್ಕೆ ತಳ್ಳಿ. ಎರಡನೇ ತಂತಿಯ ಸ್ವರಕ್ಕೆ ಸರಿಯಾಗಿ ಮುಟ್ಟಬೇಕು. ಸ್ವಲ್ಪ ಕಡಿಮೆಯಾದರೂ ಅಪಸ್ವರವೇ. ಮುಟ್ಟಿದ ಕೂಡಲೇ ತೋರುಬೆರಳಿನ ಕೆಳಗಿರುವ ಮೊದಲ ಎರಡು ತಂತಿ ಬಾರಿಸಿ. ಬ್ಲೂಸ್ ಗಿಟಾರ್ ವಾದಕ ಟಿ-ಬೋನ್ ವಾಕರ್ ಅವರಂಥ ಹಿರಿಯರಿಂದ ಬೆರ್ರಿ ಕಲಿತ ಪಟ್ಟು ಇದು.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಉಪ್ಪು ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ತಂತಿ ಎಳೆದರೆ ಬೆರಳು ಹರಿಯುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ಒರಗಿಸಿ ಬಿಡಬೇಡಿ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಕೊನೆಗೆ 'ಜಾನಿ ಬಿ. ಗುಡ್' ರೆಕಾರ್ಡಿನ ಜೊತೆ ನುಡಿಸಿ. ಹಾಡು ಬಿ ಫ್ಲಾಟ್‌ನಲ್ಲಿದೆ, ಅಂದರೆ ಎಗಿಂತ ಅರ್ಧ ಸ್ವರ ಮೇಲೆ, ಹಾಗಾಗಿ ಮೊದಲ ಫ್ರೆಟ್‌ಗೆ ಕ್ಯಾಪೋ (ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ನೀವು ಕಲಿತ ಎ ಆಕಾರವೇ ಸಾಕು. ಆಮೇಲೆ 1963ರ 'ಕಮ್ ಆನ್' ಹುಡುಕಿ. ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಮೊದಲ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಅದು, ಬರೆದವರು ಬೆರ್ರಿ.