‘ಗೊತ್ತಿಲ್ಲ’ ಅಂತ ಹೇಳೋಕೆ ಬಾಟ್‌ಗೆ ಕಲಿಸಿದ್ದು – ನನ್ನ ಅನುಭವ

ಶಿರಸಿ ಕಡೆಯ ಒಂದು ಅಡಿಕೆ ಬೆಳೆಗಾರರ ಸೊಸೈಟಿಗೆ ವಾಟ್ಸಾಪ್ ಬಾಟ್ ಮಾಡ್ಕೊಟ್ಟು ಎರಡು ಮಳೆಗಾಲ ಕಳೀತು. ಮೊದಲ ಮೀಟಿಂಗಲ್ಲೇ ಹಿರಿಯರೊಬ್ರು "ತಮಾ, ಇದು ಆಪದಲ್ಲ ಹೋಪದಲ್ಲ" (ಆಗೋದಲ್ಲ ಹೋಗೋದಲ್ಲ) ಅಂದಿದ್ರು. ಈ ಸಲ ಅವರೇ ಮೊಬೈಲ್ ಹಿಡ್ಕೊಂಡು ಪಕ್ಕದವರಿಗೆ ತೋರಿಸ್ತಿದ್ರು, ಅದಕ್ಕೇ ಬರೀತಿದೀನಿ. ಉತ್ತರ ಇರೋ ಪ್ರಶ್ನೆಗಳದ್ದು ಸುಲಭ, ಉತ್ತರ ಇಲ್ದೇ ಇರೋವೇ ನನ್ನ ಒಂದು ವರ್ಷ ತಿಂದಿದ್ದು.

ಮೊದಲು ರಾಸಾದಲ್ಲಿ (ಚಾಟ್‌ಬಾಟ್ ಕಟ್ಟೋ ಸಾಫ್ಟ್‌ವೇರ್) ಮಾಡಿದ್ದೆ. ಫಾಲ್‌ಬ್ಯಾಕ್ ಥ್ರೆಶೋಲ್ಡ್ (ಪ್ರಶ್ನೆ ಅರ್ಥ ಆಯ್ತು ಅನ್ನೋಕೆ ಬೇಕಾದ ಕನಿಷ್ಠ ಸ್ಕೋರ್) ಡೀಫಾಲ್ಟ್ 0.3 ಹಾಗೇ ಬಿಟ್ಟಿದ್ದೆ, ಅದಕ್ಕಿಂತ ಕೆಳಗೆ ಬಂದ್ರೆ "ಕ್ಷಮಿಸಿ, ಅರ್ಥವಾಗಲಿಲ್ಲ, ಇನ್ನೊಮ್ಮೆ ಕೇಳಿ". ಲಾಗ್ ನೋಡಿದ್ರೆ ಈ ಸಾಲು ಹೋದ ಮೇಲೆ ಹತ್ತರಲ್ಲಿ ಏಳೆಂಟು ಜನ ಮತ್ತೆ ಬಂದೇ ಇಲ್ಲ. ತೋಟದಲ್ಲಿ ಒದ್ದೆ ಕೈಯಲ್ಲಿ ಟೈಪ್ ಮಾಡಿದವರು ಇನ್ನೊಮ್ಮೆ ಯಾಕೆ ಕೇಳ್ತಾರೆ?

ಆಮೇಲೆ ಎಲ್‌ಎಲ್‌ಎಂ ಎಪಿಐ (ಚಾಟ್‌ಜಿಪಿಟಿ ಥರ ತಾನೇ ಉತ್ತರ ಬರೆಯೋ ಮಾಡೆಲ್, ಬಳಸಿದಷ್ಟಕ್ಕೆ ಬಿಲ್ಲು) ಹಾಕ್ದೆ. ಅದು ಯಾವತ್ತೂ ಗೊತ್ತಿಲ್ಲ ಅನ್ಲಿಲ್ಲ, ಅದೇ ತೊಂದ್ರೆ ಆಗಿದ್ದು. ಕೊಳೆರೋಗಕ್ಕೆ ಹೊಡೆಯೋ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅಂತ ನಮ್ಮಲ್ಲಿ ಎಲ್ರಿಗೂ ಗೊತ್ತು, ಇದು ಒಬ್ರಿಗೆ ಸುಣ್ಣ ಅರ್ಧ ಸಾಕು ಅಂತ ಹೇಳ್ಬಿಟ್ಟಿತ್ತು. ನಾನೇ ಫೋನ್ ಮಾಡಿ ನಿಲ್ಲಿಸ್ದೆ. ಔಷಧಿ ಹೊಡೆಯೋ ಸೀಸನ್ ಬೇರೆ, ಆ ತಿಂಗಳ ಬಿಲ್ಲು ಒಂಬತ್ತು ಸಾವಿರದ ಹತ್ರ, ಅರ್ಧ ನನ್ನ ಜೇಬಿಂದ ಹೋಯ್ತು.

ಮೂರನೇದು ಎಂಬೆಡಿಂಗ್, ಅಂದ್ರೆ ಬಂದ ಪ್ರಶ್ನೆಯನ್ನ ನಮ್ಮ ಪ್ರಶ್ನೋತ್ತರದ ಬ್ಯಾಂಕಲ್ಲಿರೋದ್ರ ಜೊತೆ ಅರ್ಥದಲ್ಲಿ ಹೋಲಿಸಿ ಸ್ಕೋರ್ ಕೊಡೋದು; ಮಾಡೆಲ್ ಮಲ್ಟಿಲಿಂಗ್ವಲ್ ಇ5. ಇದನ್ನ ಬಳಸಿದವರಿಗೆ ಗೊತ್ತು, ಇದರ ಸ್ಕೋರ್ ಹೆಚ್ಚುಕಮ್ಮಿ ಎಲ್ಲ 0.7ರಿಂದ 1ರ ನಡುವೇನೇ ಬೀಳುತ್ತೆ, ಇವತ್ತು ಮ್ಯಾಚ್ ಯಾರದ್ದು ಅಂತ ಕೇಳಿದ್ರೂ 0.78. ಒಂದಿನ "ಕತ್ತಿ ಕೆಂಪಾಜು, ಎಂತ ಮಾಡವು?" (ಕತ್ತಿ ಕೆಂಪಾಗಿದೆ, ಏನು ಮಾಡ್ಬೇಕು) ಅಂತ ಬಂತು. ಬೋರ್ಡೋ ಮಾಡುವವರು ದ್ರಾವಣಕ್ಕೆ ಕಬ್ಬಿಣದ ಕತ್ತಿ ಅದ್ದಿ ನೋಡ್ತಾರೆ, ಕತ್ತಿಗೆ ತಾಮ್ರ ಹತ್ತಿ ಕೆಂಪಾದ್ರೆ ಹುಳಿ ಜಾಸ್ತಿ ಅಂತ, ಸುಣ್ಣದ ತಿಳಿ ಇನ್ನಷ್ಟು ಹಾಕ್ಬೇಕು. ನಮ್ಮ ಬಾಟು 0.84ರಲ್ಲಿ ಕೃಷಿ ಉಪಕರಣಗಳ ಸಬ್ಸಿಡಿ ಅರ್ಜಿ ಕಳಿಸ್ತು! ಪಾಪ ಅವರು ನೂರು ಲೀಟರ್ ಕಲಸಿಟ್ಕೊಂಡು ಕೂತಿದ್ರು, ಕೊನೆಗೌಡ (ಮರ ಹತ್ತಿ ಔಷಧಿ ಹೊಡೆಯೋನು) ಮರದ ಬುಡದಲ್ಲಿ ಕಾಯ್ತಿದ್ದ.

ಅವತ್ತೇ ಸ್ಕೋರ್ ನಂಬೋದು ಬಿಟ್ಟೆ. ಈಗ ನೋಡೋದು ಮೊದಲ್ನೇ ಮತ್ತು ಎರಡನೇ ಉತ್ತರದ ನಡುವಿನ ಅಂತರ. ಅಂತರ ಚೆನ್ನಾಗಿದ್ರೆ ನೇರ ಉತ್ತರ, ಕಮ್ಮಿ ಇದ್ರೆ ಎರಡನ್ನೂ ಬಟನ್ ಮಾಡಿ ಕೇಳುತ್ತೆ, ಮೂರನೇ ಬಟನ್ ಯಾವಾಗ್ಲೂ "ಸೊಸೈಟಿಯವರನ್ನ ಕೇಳಿ". ಬಟನ್‌ಗೆ 20 ಅಕ್ಷರ ಲಿಮಿಟ್, ಕನ್ನಡದಲ್ಲಿ ಸ್ವರಚಿಹ್ನೆ, ಹಲಂತ ಎಲ್ಲ ಬೇರೆ ಬೇರೆ ಎಣಿಕೆ, "ಬೋರ್ಡೋ ದ್ರಾವಣ ತಯಾರಿಕೆ" 21 ಆಗಿ ಎರರ್ ಬರ್ತಿತ್ತು, "ತಯಾರಿ" ಅಂತ ಕತ್ತರಿಸಿದ್ಮೇಲೆ 19ಕ್ಕೆ ಕೂತ್ಕೊಂತು. ನಮ್ಮ ವಿಷಯದ ಹೊರಗಿನ ಪ್ರಶ್ನೆ ಹಿಡಿಯೋಕೆ ಬ್ಯಾಂಕಲ್ಲೇ ಒಂದಷ್ಟು ಡಮ್ಮಿ ಪ್ರಶ್ನೆ ಸೇರಿಸಿದೀನಿ, ಅವನ್ನ ಹೇಗೆ ಆರಿಸ್ದೆ ಅನ್ನೋದು ನನ್ಹತ್ರಾನೇ ಇರ್ಲಿ.

ಏನೂ ಹೊಂದ್ಲಿಲ್ಲ ಅಂದ್ರೆ ಬಾಟ್ ಹೀಗೆ ಹೇಳುತ್ತೆ: "ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ‘ಕತ್ತಿ ಕೆಂಪಾಜು’ ಅಂತ ನೀವು ಕೇಳಿದ್ದನ್ನ ಸೊಸೈಟಿಯವರಿಗೆ ಕಳಿಸಿದೀನಿ, ನಾಳೆ ಬೆಳಿಗ್ಗೆ 11ರ ಒಳಗೆ ಇಲ್ಲೇ ಉತ್ತರ ಬರುತ್ತೆ." ಅವರದ್ದೇ ಮಾತು ವಾಪಸ್ ತೋರಿಸೋದು ಮುಖ್ಯ, ತಲುಪಿದೆ ಅನ್ನೋ ನಂಬಿಕೆ ಬರುತ್ತೆ. ಟೈಮ್ ಹೇಳೋದು ಅದಕ್ಕಿಂತ ಮುಖ್ಯ, ಹೇಳಿದ ಮೇಲೆ ತಪ್ಪಂಗಿಲ್ಲ. ವಾಟ್ಸಾಪಲ್ಲಿ ಅವರ ಕೊನೇ ಮೆಸೇಜಿಂದ 24 ಗಂಟೆ ದಾಟಿದ್ರೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟೇ ಕಳಿಸ್ಬೇಕು, ಅದಕ್ಕೆ ದುಡ್ಡು. ಶನಿವಾರ ಸಂಜೆ ಬಂದ ಪ್ರಶ್ನೆಗಳು ಸೋಮವಾರದವರೆಗೆ ಕೂತು ಮೊದಮೊದಲು ಸುಮಾರು ದುಡ್ಡು ಹೋಯ್ತು, ಈಗ ಭಾನುವಾರದ್ದು ನಾನೇ ತೋಟದ ಗೊತ್ತಿರೋರನ್ನ ಕೇಳಿ ಉತ್ತರ ಹಾಕ್ತೀನಿ.

ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಬಂದ ಕನ್ನಡವನ್ನ ಇಂಡಿಕ್‌ಎಕ್ಸ್‌ಲಿಟ್ (ಲಿಪಿ ಬದಲಿಸೋ ಮಾಡೆಲ್) ಹಾಕಿ ಕನ್ನಡ ಲಿಪಿಗೆ ಬದಲಿಸೋಕೂ ನೋಡ್ದೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಹೋಗಿ ಚಳಿ ಆಗ್ತಿತ್ತು, ಅಡಿಕೆ ರೇಟ್ ಕೇಳಿದವರಿಗೆ ಹವಾಮಾನ ಹೋಗ್ತಿತ್ತು. ಊರಿನ ಪದಗಳದ್ದು ಮುನ್ನೂರು ಸಾಲಿನ ಪಟ್ಟಿ ಕೈಯಲ್ಲೇ ಮಾಡಿ ಮುಂದೆ ಕೂರಿಸಿದ ಮೇಲೆ ಸರಿ ಆಯ್ತು. ವಾಯ್ಸ್ ಮೆಸೇಜ್ ಮಾತ್ರ ಇನ್ನೂ ನೇರ ಮನುಷ್ಯರಿಗೇ ಹೋಗುತ್ತೆ, ನಮ್ಮ ಹವ್ಯಕ ಮಾತು ಯಾವ ಮಾಡೆಲ್‌ಗೂ ಸರಿಯಾಗಿ ಹತ್ತಲಿಲ್ಲ.

ಸೊಸೈಟಿಯವರು ಕೊಟ್ಟ ಉತ್ತರ ಅದೇ ದಿನ ಬ್ಯಾಂಕಿಗೆ ಸೇರ್ಸ್ತೀನಿ. ಶುರುವಲ್ಲಿ 180 ಇದ್ದಿದ್ದು ಈಗ 600 ದಾಟಿದೆ. ಉತ್ತರ ಇಲ್ದೇ ಹೋಗ್ತಿದ್ದದ್ದು ನೂರಕ್ಕೆ ನಲವತ್ತರ ಹತ್ರ ಇತ್ತು, ಈಗ ಹನ್ನೆರಡೋ ಹದಿಮೂರೋ. ಕತ್ತಿ ಪ್ರಶ್ನೇನ ಆರೇಳು ಥರ ಬರೆದು ಹಾಕಿದ್ದೆ, ಈ ಜೂನಲ್ಲಿ ಮೂವತ್ತು ಜನಕ್ಕಾದ್ರೂ ಕತ್ತಿ ಇನ್ನೂ ಕೈಯಲ್ಲಿರೋವಾಗ್ಲೇ ಉತ್ತರ ಹೋಗಿದೆ.