ಪಂಪ್ ಎತ್ತಿದಷ್ಟು, ಕೋಡಿ ಇಳಿದಷ್ಟು: ನನ್ನ ಉಪ್ಪುನೀರಿನ ಟ್ಯಾಂಕ್

ಸಮುದ್ರದ ಮೀನು ಸಾಕುವ ಟ್ಯಾಂಕ್ ಶುರು ಮಾಡಿದ ಮೂರನೇ ರಾತ್ರಿ ಕರೆಂಟ್ ಹೋಯಿತು. ಬೆಳಗ್ಗೆ ಎದ್ದು ನೋಡಿದರೆ ಹಾಲಿನ ಶಹಾಬಾದ್ ಕಲ್ಲಿನ ಮೇಲೆಲ್ಲ ಉಪ್ಪುನೀರು. ಟ್ಯಾಂಕಿನ ಕೆಳಗಿಟ್ಟ ಇನ್ನೊಂದು ತೊಟ್ಟಿ, ಅಂದರೆ ಸಂಪ್, ತುಂಬಿ ಹೊರಗೆ ಚೆಲ್ಲಿತ್ತು. ಸ್ವಿಚ್ ಬೋರ್ಡ್‌ಗೆ ಇನ್ನು ಒಂದು ಗೇಣು ಮಾತ್ರ ಉಳಿದಿತ್ತು. ಅವತ್ತು ನಿಜಕ್ಕೂ ಹೆದರಿದೆ.

ನಮ್ಮದು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕ್. ಸುಮಾರು 240 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಕೆಲವು ಮೆತ್ತನೆ ಹವಳಗಳು ಇವೆ. ಮೇಲಿನ ನೀರು ಮೂಲೆಯ ಓವರ್‌ಫ್ಲೋ ಬಾಕ್ಸಿನ ಅಂಚು ದಾಟಿ ಅದರೊಳಗೆ ಬಿದ್ದು, ಪೈಪಿನಲ್ಲಿ ಸಂಪಿಗೆ ಇಳಿಯುತ್ತದೆ, ಅಲ್ಲಿಂದ ರಿಟರ್ನ್ ಪಂಪ್ ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ.

ಮೊದಲು ನಾನು ಎರಡೂ ಕಡೆ ವಾಲ್ವ್ ಹಾಕಿದ್ದೆ. ಪಂಪ್ ಜಾಸ್ತಿ ಅನಿಸಿದರೆ ಅದನ್ನು ಸ್ವಲ್ಪ ಮುಚ್ಚುತ್ತಿದ್ದೆ, ಇಳಿಯುವ ಪೈಪು ಗುಡುಗುಡು ಅಂದರೆ ಅದನ್ನು ತಿರುಗಿಸುತ್ತಿದ್ದೆ. ಒಂದು ವಾರದ ಸಂಜೆಗಳೆಲ್ಲ ಹೀಗೇ ಹೋದವು. ಕೆರೆಯ ಕೋಡಿಯನ್ನು ನೆನೆಸಿಕೊಂಡಾಗ ವಿಷಯ ಹೊಳೆಯಿತು. ಕೆರೆಗೆ ಬಂದಷ್ಟು ನೀರು ಕೋಡಿ ಬೀಳುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಲ್ಲೂ ಅಷ್ಟೇ, ಅಲ್ವಾ? ಪಂಪ್ ಎತ್ತಿದಷ್ಟೇ ನೀರು ಬಾಕ್ಸಿಗೆ ಬೀಳುತ್ತದೆ. ಹಾಗಾದರೆ ಪಂಪಿನ ವೇಗ ಒಮ್ಮೆ ಗೊತ್ತುಮಾಡಿ ಅಲ್ಲಿಗೇ ಬಿಡಬೇಕು. ತಿರುಗಿಸುವ ಕೆಲಸವೆಲ್ಲ ಇಳಿಯುವ ಪೈಪಿನಲ್ಲೇ ಆಗಬೇಕು.

ಪಂಪಿನ ಡಬ್ಬಿ ಮೇಲೆ ಗಂಟೆಗೆ 3000 ಲೀಟರ್ ಅಂತ ಇತ್ತು. ಆ ಲೆಕ್ಕ ನೀರನ್ನು ಮೇಲಕ್ಕೆ ಎತ್ತದೇ ಇದ್ದಾಗಿನದು. ನಾನು ರಿಟರ್ನ್ ಪೈಪಿನ ಬಾಯಿಯನ್ನು ಟ್ಯಾಂಕಿನ ಎತ್ತರದಲ್ಲೇ ಬಕೆಟ್‌ಗೆ ಹಿಡಿದು ಅಳೆದೆ. 10 ಲೀಟರ್ ತುಂಬಲು 20 ಸೆಕೆಂಡ್. ಅಂದರೆ ಗಂಟೆಗೆ 1800 ಲೀಟರ್. ನನ್ನ ಟ್ಯಾಂಕಿಗೆ ಅದು ಧಾರಾಳ ಸಾಕು. ಹವಳಕ್ಕೆ ಬೇಕಾದ ಜೋರು ಹರಿವಿಗೆ ಟ್ಯಾಂಕಿನೊಳಗೆ ಬೇರೆ ವೇವ್‌ಮೇಕರ್ ಇದೆ, ಸಂಪಿನ ಮೂಲಕ ಅಷ್ಟು ನೀರು ಓಡಿಸಬೇಕಿಲ್ಲ.

ಆಮೇಲೆ ವಾಲ್ವ್. ಬಾಲ್ ವಾಲ್ವಿನಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ಹರಿವು ತುಂಬಾ ಬದಲಾಗುತ್ತದೆ. ತಿರುಗಿಸಿದಂತೆ ಸ್ವಲ್ಪಸ್ವಲ್ಪವೇ ಮುಚ್ಚುವ ಗೇಟ್ ವಾಲ್ವ್ ಬೇಕು. ನಮ್ಮೂರಿನ ಅಂಗಡಿಗಳಲ್ಲಿ ಕೇಳಿದರೆ ಹಿತ್ತಾಳೆಯದೇ ತೋರಿಸಿದರು. ದಯವಿಟ್ಟು ಅದನ್ನು ಹಾಕಬೇಡಿ. ಹಿತ್ತಾಳೆಯಲ್ಲಿ ತಾಮ್ರ ಇದೆ. ಉಪ್ಪುನೀರಿಗೆ ಅದು ಬಿಡುತ್ತದೆ. ಹವಳ, ಬಸವನಹುಳು, ಸೀಗಡಿ ಯಾವುದೂ ತಾಮ್ರ ತಡೆಯುವುದಿಲ್ಲ. ನಾನು ಹೈದರಾಬಾದ್‌ನಿಂದ ಪಿವಿಸಿ ಗೇಟ್ ವಾಲ್ವ್ ತರಿಸಿದೆ.

ಈಗ ಬಾಕ್ಸಿನಲ್ಲಿ ಎರಡು ಪೈಪುಗಳಿವೆ. ಇದಕ್ಕೆ ಹರ್ಬಿ ಪದ್ಧತಿ ಅನ್ನುತ್ತಾರೆ. ಒಂದು ಪೈಪಿನ ಬಾಯಿ ಸದಾ ನೀರಿನೊಳಗೆ ಮುಳುಗಿರುತ್ತದೆ. ಅದರಲ್ಲಿ ಗಾಳಿಯೇ ಇಲ್ಲದೆ ತುಂಬಿದ ನೀರು ಸೈಫನ್ ಆಗಿ ಇಳಿಯುತ್ತದೆ, ಸದ್ದೇ ಇರುವುದಿಲ್ಲ. ಗೇಟ್ ವಾಲ್ವ್ ಇರುವುದು ಇದಕ್ಕೆ. ಇನ್ನೊಂದು ಪೈಪಿನ ಬಾಯಿ ಮೇಲಿದೆ, ಅದು ಅಪಾಯಕ್ಕೆ. ಅದಕ್ಕೆ ಯಾವ ವಾಲ್ವೂ ಇಲ್ಲ, ಇರಲೂ ಬಾರದು. ಸೈಫನ್ ವಾಲ್ವ್ ಪೂರ್ತಿ ಮುಚ್ಚಿ, ಪಂಪ್ ಓಡಿಸಿ, ಅದೊಂದೇ ಪೈಪ್ ಎಲ್ಲ ನೀರನ್ನೂ ಇಳಿಸುತ್ತದಾ ಅಂತ ನೋಡಿಯೇ ನಾನು ಮೀನು ಬಿಟ್ಟಿದ್ದು.

ವಾಲ್ವ್ ತೀರಾ ತೆರೆದರೆ ಬಾಕ್ಸ್ ಖಾಲಿಯಾಗಿ ಪೈಪು ಗಾಳಿ ಎಳೆಯುತ್ತದೆ, ಗುಡುಗುಡು ಶುರು. ತೀರಾ ಮುಚ್ಚಿದರೆ ನೀರು ಏರಿ ಎರಡನೇ ಪೈಪಿಗೆ ಬೀಳುತ್ತದೆ. ಇವೆರಡರ ನಡುವೆ ಸರಿಯಾದ ಒಂದು ಬಿಂದು ಹುಡುಕಿ ಹುಡುಕಿ ನನಗೆ ಸಾಕಾಗಿತ್ತು. ಅದು ಯಾಕೆ ನಿಲ್ಲುವುದಿಲ್ಲ ಅನ್ನುವುದು ಲೆಕ್ಕ ಹಾಕಿದ ಮೇಲೆ ತಿಳಿಯಿತು. ಬಾಕ್ಸಿನ ನೀರಿನಿಂದ ಸಂಪಿನ ನೀರಿಗೆ ಸುಮಾರು 70 ಸೆಂಟಿಮೀಟರ್ ಇಳಿತ ಇದೆ. ಹರಿವು ಈ ಇಳಿತದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಬಾಕ್ಸಿನಲ್ಲಿ ನೀರು 2 ಸೆಂಟಿಮೀಟರ್ ಏರಿದರೂ ಹರಿವು ಹೆಚ್ಚುವುದು ಶೇಕಡಾ ಒಂದೂವರೆಗಿಂತ ಕಡಿಮೆ. ಅಂದರೆ ಪಂಪಿನ ಹರಿವಿನಲ್ಲಿ ಶೇಕಡಾ ಮೂರರಷ್ಟು ವ್ಯತ್ಯಾಸ ಬಂದರೂ ನೀರಿನ ಮಟ್ಟ ನಾಲ್ಕು ಸೆಂಟಿಮೀಟರ್‌ಗೂ ಜಾಸ್ತಿ ಆಚೀಚೆ ಆಗುತ್ತದೆ.

ಹಾಗಾಗಿ ಈಗ ನಾನು ಸರಿಸಮ ಮಾಡಲು ಹೋಗುವುದೇ ಇಲ್ಲ. ವಾಲ್ವನ್ನು ಒಂದು ಕೂದಲೆಳೆ ಜಾಸ್ತಿಯೇ ಮುಚ್ಚಿ, ಎರಡನೇ ಪೈಪಿಗೆ ನೂಲಿನಂಥ ಸಣ್ಣ ಧಾರೆ ಬೀಳಲು ಬಿಡುತ್ತೇನೆ. ಸಣ್ಣಪುಟ್ಟ ಏರುಪೇರನ್ನೆಲ್ಲ ಆ ಧಾರೆಯೇ ನುಂಗಿಕೊಳ್ಳುತ್ತದೆ. ಒಮ್ಮೆ ತಿರುಗಿಸಿದ ಮೇಲೆ ಹತ್ತು ನಿಮಿಷ ಕೈಕಟ್ಟಿ ಕೂರಬೇಕು. ಮಟ್ಟ ನಿಲ್ಲಲು ಅಷ್ಟು ಹೊತ್ತು ಬೇಕೇ ಬೇಕು.

ಇನ್ನು ಆ ರಾತ್ರಿಯ ವಿಷಯ. ನನ್ನ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ 5.4 ಲೀಟರ್. ರಿಟರ್ನ್ ಪೈಪಿನ ಬಾಯಿ, ಅಂದರೆ ನಾಝಲ್, ನೀರಿನ ಮಟ್ಟದಿಂದ 8 ಸೆಂಟಿಮೀಟರ್ ಕೆಳಗಿತ್ತು. ಪಂಪ್ ನಿಂತ ಕೂಡಲೇ ಅದೇ ಪೈಪು ಹಿಮ್ಮುಖವಾಗಿ ಎಳೆದು, 43 ಲೀಟರ್ ಕೆಳಗೆ ಬಂತು. ಸಂಪಿನಲ್ಲಿ ಖಾಲಿ ಇದ್ದ ಜಾಗ 25 ಲೀಟರ್. ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಹಾಕು ಅಂದರು ಕೆಲವರು. ಅದರಲ್ಲಿ ಒಂದು ಚೂರು ಪಾಚಿ ಸಿಕ್ಕಿದರೂ ಸರಿಯಾಗಿ ಮುಚ್ಚುವುದಿಲ್ಲ, ನಾನು ಅದನ್ನು ನಂಬಲಿಲ್ಲ. ನಾಝಲನ್ನು ಮೇಲೆತ್ತಿ ನೀರಿನಿಂದ ಎರಡೇ ಸೆಂಟಿಮೀಟರ್ ಕೆಳಗೆ ಇಟ್ಟೆ. ಈಗ ಪಂಪ್ ನಿಲ್ಲಿಸಿದರೆ ಪೈಪಿನದೂ ಸೇರಿ 16 ಲೀಟರ್ ಇಳಿಯುತ್ತದೆ. ಪಂಪ್ ಓಡುವಾಗ ಸಂಪಿನ ನೀರು ದಾಟಬಾರದ ಮಟ್ಟಕ್ಕೆ ಕೆಂಪು ಟೇಪ್ ಅಂಟಿಸಿದ್ದೇನೆ.

ಕರೆಂಟ್ ಬಂದಾಗ ಸೈಫನ್ ತಾನಾಗಿಯೇ ಶುರುವಾಗಬೇಕು. ಅದಕ್ಕೆ ಇಳಿಯುವ ಪೈಪಿನ ತುದಿ ಸಂಪಿನ ನೀರಿನಲ್ಲಿ ಎರಡು ಮೂರು ಸೆಂಟಿಮೀಟರ್ ಮಾತ್ರ ಮುಳುಗಿರಬೇಕು. ಆಳಕ್ಕೆ ಇಳಿಸಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ನಮ್ಮ ಬಿಸಿಲಿನದು ಬೇರೆಯೇ ಕತೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿದಾಗ ಟ್ಯಾಂಕ್ ತಂಪಿಡಲು ಫ್ಯಾನ್ ಓಡಿಸುತ್ತೇನೆ. ದಿನಕ್ಕೆ ಐದು ಲೀಟರ್ ಆವಿಯಾಗುತ್ತದೆ. ಮೇಲಿನ ಟ್ಯಾಂಕಿನ ಮಟ್ಟ ಕದಲುವುದಿಲ್ಲ, ಇಳಿಯುವುದು ಸಂಪಿನಲ್ಲಿ ಪಂಪ್ ಇರುವ ಕೋಣೆಯದು ಮಾತ್ರ. ಪಂಪ್ ಆಗ ಇನ್ನೂ ನಾಲ್ಕು ಸೆಂಟಿಮೀಟರ್ ಹೆಚ್ಚು ಎತ್ತಬೇಕು, ಹರಿವು ತುಸು ಕಡಿಮೆಯಾಗುತ್ತದೆ, ನೂಲಿನ ಧಾರೆ ನಿಂತುಹೋಗುತ್ತದೆ. ಬೇಸಿಗೆಯಲ್ಲಿ ಸಂಜೆ ಮನೆಗೆ ಬಂದ ತಕ್ಷಣ ನಾನು ನೋಡುವುದು ಅದನ್ನೇ. ಧಾರೆ ಕಾಣದಿದ್ದರೆ ವಾಲ್ವ್ ಮುಟ್ಟುವುದಿಲ್ಲ. ಆರ್‌ಓ ನೀರಿನ ಕ್ಯಾನ್ ತಂದು ಟೇಪಿನವರೆಗೆ ತುಂಬುತ್ತೇನೆ. ಸ್ವಲ್ಪ ಹೊತ್ತಿಗೆ ಧಾರೆ ಮತ್ತೆ ಬೀಳುತ್ತದೆ.