ಸಂಕ್ರಾಂತಿ ಎಳ್ಳು: ನಾಲ್ಕು ಮನೆ ಸೇರಿ ಮಾಡುವ ಬಗೆ

ಅಂಗಡಿಯಲ್ಲಿ ಬೆರೆಸಿಟ್ಟ ಎಳ್ಳು ತಂದು ಹಂಚಿದರೂ ಹಬ್ಬ ಆಗುತ್ತದೆ. ಆದರೆ ಸಂಕ್ರಾಂತಿ ಸೂರ್ಯನ ಹಬ್ಬ. ಕೊಬ್ಬರಿ, ಬೆಲ್ಲ ಅವನ ಬಿಸಿಲಲ್ಲೇ ಒಣಗಬೇಕು ಅನ್ನುವುದು ನಮ್ಮ ಆಸೆ. ಒಬ್ಬರೇ ಕೂತರೆ ಬೆನ್ನು ಬೀಳುವ ಕೆಲಸ ಇದು, ಒಂದೇ ಮಹಡಿಯ ನಾಲ್ಕು ಮನೆಯವರು ಸೇರಿದರೆ ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಮಕ್ಕಳಿದ್ದರೆ ಕೆಲಸವನ್ನು ಡಿಸೆಂಬರ್ 21ಕ್ಕೇ, ತಾರಸಿಯ ಮೇಲೆ ಶುರು ಮಾಡಿ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಆ ಹೊತ್ತಿಗೆ. ಒಂದು ಮೀಟರ್ ಕೋಲನ್ನು ಮಟ್ಟಸವಾದ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ 12:18ರ ಸುಮಾರಿಗೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಬೆಂಗಳೂರಿನಲ್ಲಿ ನೆರಳು ಸುಮಾರು 74 ಸೆಂಟಿಮೀಟರ್ ಬರುತ್ತದೆ. ಸಂಕ್ರಾಂತಿಯ ದಿನ ಅದೇ ಜಾಗದಲ್ಲಿ 12:29ರ ಸುಮಾರಿಗೆ ಅಳೆದರೆ 68. ಅಳತೆ ತಪ್ಪಿದರೆ ಬಹುಪಾಲು ಕೋಲು ವಾಲಿರುತ್ತದೆ, ಹಾಗಾಗಿ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ನೋಡಿ. ಅಯನ ತಿರುಗಿ ಮೂರು ವಾರ ಕಳೆದ ಮೇಲೆ ಹಬ್ಬ ಬರುವುದಕ್ಕೆ ಕಾರಣ, ನಮ್ಮ ಪಂಚಾಂಗ ನಕ್ಷತ್ರಗಳ ಲೆಕ್ಕದ್ದು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತಿರುಗುವುದರಿಂದ ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತಾ ಬಂದಿದೆ.

ಈಗ ಸಾಮಾನಿಗೆ ಬರೋಣ. ತಲಾ 50 ಗ್ರಾಮಿನ 40 ಪೊಟ್ಟಣಕ್ಕೆ ಕಡಲೆಕಾಯಿ ಬೀಜ 550 ಗ್ರಾಂ, ಹುರಿಗಡಲೆ 500, ಒಣಕೊಬ್ಬರಿ 600, ಬೆಲ್ಲ 400, ಬಿಳಿ ಎಳ್ಳು 150. ಬೀಜ ಮತ್ತು ಕೊಬ್ಬರಿ ಸಿಪ್ಪೆಯಲ್ಲಿ ಕಳೆಯುತ್ತವೆ, ಅದಕ್ಕೇ ತುಸು ಹೆಚ್ಚು. ಬಣ್ಣದ ಜೀರಿಗೆ ಪೆಪ್ಪರ್‌ಮಿಂಟ್ ಒಂದು ಹಿಡಿ ಸಾಕು.

ಕೊಬ್ಬರಿಯದು ಎಲ್ಲಕ್ಕಿಂತ ಮೊದಲ ಕೆಲಸ, ಹಬ್ಬಕ್ಕೆ ಒಂದು ವಾರ ಇರುವಾಗಲೇ ಹಿಡಿಯಿರಿ. ಕೊಳ್ಳುವಾಗ ಗಿಟುಕನ್ನು ಒಡೆಸಿ ಮೂಸಿ ನೋಡಿ. ಕಮಟು ವಾಸನೆ ಇದ್ದರೆ ಹುರಿದರೂ ಹೋಗುವುದಿಲ್ಲ, ಇಡೀ ಎಳ್ಳನ್ನು ಕೆಡಿಸುತ್ತದೆ. ಹೊರಗಿನ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು, ತೆಳ್ಳಗೆ ಸೀಳಿ, ಹುರಿಗಡಲೆಯಷ್ಟೇ ಚೂರು ಮಾಡಿ. ಎಲ್ಲಾ ಒಂದೇ ಗಾತ್ರ ಇರದಿದ್ದರೆ ಸಣ್ಣವು ಡಬ್ಬಿಯ ತಳಕ್ಕಿಳಿಯುತ್ತವೆ, ಕೊನೆಯ ಪೊಟ್ಟಣಗಳಿಗೆ ಬರೀ ಪುಡಿ ಸಿಗುತ್ತದೆ. ಜನವರಿಯಲ್ಲಿ ಬೆಂಗಳೂರಿನ ಬೆಳಗು ಇಬ್ಬನಿಯದು. ಹತ್ತು ಗಂಟೆಗೆ ಮೊದಲು ಹರವಬೇಡಿ, ನಾಲ್ಕಕ್ಕೆ ಒಳಗೆ ತನ್ನಿ. ತೆಳು ಬಟ್ಟೆ ಮುಚ್ಚಿ ಎರಡು ದಿನ ಒಣಗಿಸಿದರೆ ಮುರಿದಾಗ ಟಕ್ ಅನ್ನಬೇಕು.

ಬೆಲ್ಲ ಗಟ್ಟಿಯಾದದ್ದೇ ಆಗಬೇಕು, ಉಗುರು ಒತ್ತಿದರೆ ಗುರುತು ಬೀಳಬಾರದು. ಚಾಕುವಿಗಿಂತ ಅಡಕತ್ತರಿಯಲ್ಲಿ ಅಚ್ಚುಕಟ್ಟಾಗಿ ತುಂಡಾಗುತ್ತದೆ. ಒಂದು ದಿನ ಬಿಸಿಲಿಗಿಡಿ. ಆಮೇಲೂ ಕೈಗೆ ಅಂಟಿದರೆ ಒಂದು ಚಮಚ ಹುರಿಗಡಲೆ ಪುಡಿಯಲ್ಲಿ ಹೊರಳಿಸಿ.

ಬೀಜವನ್ನು ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಹುರಿಯಿರಿ. ಉರಿ ಜೋರಾದರೆ ಸಿಪ್ಪೆ ಸೀಯುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ, ಬೇಳೆ ಮಾಡಿ, ಮೊರದಲ್ಲಿ ಕೇರಿ. ತುದಿಯ ಪುಟ್ಟ ಮೊಳಕೆ ಕಹಿ, ಅದೂ ಹೋಗಲಿ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕಾರ್ತಿಕದ ಕೊನೆ ಸೋಮವಾರ ತಂದ ಹಸಿಕಾಯಿ ಉಳಿದಿದ್ದರೆ ಚೆನ್ನಾಗಿ ಒಣಗಿಸಿಯೇ ಬಳಸಿ. ಎಳ್ಳು ಚಿಟಪಟ ಅಂದ ಕೂಡಲೇ ಬಾಣಲೆಯಿಂದ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕಹಿಯಾಗುತ್ತದೆ.

ಎಲ್ಲವೂ ತಣ್ಣಗಾದ ಮೇಲೆ ಬೆರೆಸಿ, ಬೆಲ್ಲ ಹಬ್ಬದ ಹಿಂದಿನ ದಿನ ಸೇರಲಿ. ಬೀಜ ಬೆಚ್ಚಗಿರುವಾಗ ಸೇರಿಸಿದರೆ ಬೆಲ್ಲ ಬೆವರಿ, ಬೆಳಗಾಗುವಷ್ಟರಲ್ಲಿ ಎಲ್ಲಾ ಮುದ್ದೆಯಾಗಿರುತ್ತದೆ.

ಜನ ಹೆದರುವುದು ಸಕ್ಕರೆ ಅಚ್ಚಿಗೆ. ಹೆದರಬೇಕಿಲ್ಲ, ಆತುರ ಮಾತ್ರ ಬೇಡ. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ, ಒಣಮರಕ್ಕೆ ಸಕ್ಕರೆ ಕಚ್ಚಿಕೊಂಡು ಬಿಡಿಸುವಾಗ ಮೀನಿನ ಬಾಲ, ಗೋಪುರದ ತುದಿ ಮುರಿಯುತ್ತವೆ. ನೀರು ಒದರಿ, ಎರಡೂ ಭಾಗ ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಒಂದು ಕಿಲೋ ಸಕ್ಕರೆಗೆ ಸುಮಾರು 400 ಮಿಲಿಲೀಟರ್ ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಡಿ. ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ಪಾಕ ಸೋಸಿ.

ಇಡೀ ಪಾಕವನ್ನು ಒಟ್ಟಿಗೆ ಏರಿಸಬೇಡಿ. ಎರಡೇ ಸೌಟು ದಪ್ಪತಳದ ಪುಟ್ಟ ಪಾತ್ರೆಗೆ ಹಾಕಿ, ಮಧ್ಯಮ ಉರಿಯಲ್ಲಿ ಕೈಬಿಡದೆ ತಿರುವಿ. ಅಂಚಿನಲ್ಲಿ ಬಿಳಿಪದರ ಕಟ್ಟಿ, ಪಾಕ ಮಬ್ಬಾದ ಕ್ಷಣವೇ ಇಳಿಸಿ ಅಚ್ಚಿಗೆ ಹೊಯ್ಯಿರಿ. ಮುಂಚೆ ಹೊಯ್ದರೆ ಗಟ್ಟಿಯಾಗದೆ ಸಂದಿಯಲ್ಲಿ ಸೋರುತ್ತದೆ, ತಡವಾದರೆ ಪಾತ್ರೆಯಲ್ಲೇ ಮರಳುಮರಳಾಗುತ್ತದೆ. ಹಾಗಾದರೆ ನೀರು ಚಿಮುಕಿಸಿ ಮತ್ತೆ ಕರಗಿಸಬಹುದು, ಆದರೆ ಪದೇ ಪದೇ ಕಾಯಿಸಿದ ಪಾಕ ಹಳದಿಯಾಗುತ್ತದೆ. ಹತ್ತು ನಿಮಿಷ ಬಿಟ್ಟು, ಮೆಲ್ಲಗೆ ತಟ್ಟಿ ಬಿಡಿಸಿ. ಬಿಸಿಪಾಕ ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಈ ಹೊತ್ತಲ್ಲಿ ಮಕ್ಕಳು ಅಡುಗೆಮನೆಯಿಂದ ಹೊರಗಿರಲಿ.

ಎಳ್ಳು ಬೀರುವ ತಟ್ಟೆಗೆ ಪೊಟ್ಟಣ, ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲಚಿ ಹಣ್ಣು, ಅರಿಶಿನ ಕುಂಕುಮ. ಕಬ್ಬನ್ನು ಅಂದೇ ತುಂಡು ಮಾಡಿ, ಹಿಂದಿನ ದಿನ ಕತ್ತರಿಸಿದ್ದು ಹುಳಿಯುತ್ತದೆ. ಮಹಡಿಯಲ್ಲಿ ಬೇರೆ ಧರ್ಮದವರು, ಬೇರೆ ಊರಿನವರು ಇರುತ್ತಾರೆ. ಯಾರ ಮನೆಯನ್ನೂ ಬಿಡಬೇಡಿ, “ಕುಂಕುಮ ತಗೋತೀರಾ?” ಎಂದು ಕೇಳಿ, ಬೇಡವೆಂದರೆ ಎಳ್ಳಷ್ಟೇ ಕೊಡಿ. ಗಂಡ ತೀರಿಕೊಂಡವರಿಗೆ ಕುಂಕುಮ ಕೊಡದೆ ದಾಟಿಹೋಗುವ ಹಳೆಯ ಕ್ರಮವನ್ನು ಕೈಬಿಡಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ, ಅವರನ್ನೂ ಹೀಗೇ ಕೇಳಿ. ಕಡಲೆಕಾಯಿ ಒಗ್ಗದ ಮಕ್ಕಳಿರುವ ಮನೆಗೆ ಬರೀ ಅಚ್ಚು, ಹಣ್ಣು ಸಾಕು. ಬೀಜ ಬಿಟ್ಟು ಬೆರೆಸಿದರೂ ಅದೇ ಬಾಣಲೆ, ಅದೇ ಮೊರದ ಪುಡಿ ಸೇರುತ್ತದೆ. “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ” ಅನ್ನುವುದನ್ನು ಮಕ್ಕಳ ಬಾಯಲ್ಲೇ ಹೇಳಿಸಿ.

ಗವಿಪುರದ ಗಂಗಾಧರೇಶ್ವರ ಗುಡಿಯಲ್ಲಿ ಆ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗ ಮುಟ್ಟುತ್ತದೆ. ಹೋಗುವವರಿದ್ದರೆ ಮನೆಮನೆಯ ಎಳ್ಳು ಮೂರು ಗಂಟೆಯೊಳಗೆ ಮುಗಿಸಿ, ಅಲ್ಲಿ ಜನಸಂದಣಿ ಬಹಳ.

ಅಂದು ಸಿಗದವರಿಗೆ ರಥಸಪ್ತಮಿವರೆಗೂ ಎಳ್ಳು ಕೊಡಬಹುದು. ಅವರ ಪಾಲಿನ ಐದಾರು ಪೊಟ್ಟಣದಷ್ಟನ್ನು ಬೆಲ್ಲ ಬೆರೆಸದೆ ಬಿಗಿ ಡಬ್ಬಿಯಲ್ಲಿ ಎತ್ತಿಡಿ, ಕೊಡುವ ದಿನ ಬೆಲ್ಲ ಸೇರಿಸಿ.